ಲೈಬ್ರರಿಯವರ ಪ್ರಶ್ನೆಗಳು: ಆನ್‌ಲೈನ್‌ನಲ್ಲಿ ಏನು ಸಿಗುತ್ತದೆ, ಓದುಗರಿಗೆ ಕಲಿಸೋದು ಹೇಗೆ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಕಾಲೇಜು ಮತ್ತು ಶಾಲಾ ಲೈಬ್ರರಿಗಳಲ್ಲಿ, ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ (ಹಳ್ಳಿಯ ಲೈಬ್ರರಿಗಳಲ್ಲಿ) ಕೆಲಸ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೇಳಿರುವ ತಾಣಗಳಲ್ಲಿ ಹೆಚ್ಚಿನವು ಉಚಿತ. ಸಂಸ್ಥೆಯ ಲಾಗಿನ್ ಬೇಕಾದ ಕಡೆ ಅದನ್ನು ಹೇಳಿದ್ದೇನೆ. ಹೆಸರು ಹಾಕಿ ಗೂಗಲ್‌ನಲ್ಲಿ ಹುಡುಕಿದರೆ ತಾಣ ಸಿಗುತ್ತದೆ.

ತಾಣಗಳ ಪಟ್ಟಿಗಳು ನೂರಾರು ಇವೆ. ಎಲ್ಲಿಂದ ಶುರು ಮಾಡಲಿ?

ಪಟ್ಟಿಯಿಂದ ಶುರು ಮಾಡಬೇಡಿ. ನಿಮ್ಮ ಟೇಬಲ್ ಹತ್ತಿರ ಬಂದು ಜನ ಏನು ಕೇಳುತ್ತಾರೆ ಅನ್ನೋದರಿಂದ ಶುರು ಮಾಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಬಂದ ಪ್ರಶ್ನೆಗಳನ್ನೆಲ್ಲ ಬರೆಯಿರಿ. ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ, ತಿರುಗಿ ತಿರುಗಿ ಬರುವ ಪ್ರಶ್ನೆಗಳು ಕೆಲವೇ. ಸ್ಪರ್ಧಾತ್ಮಕ ಪರೀಕ್ಷೆ, ಶಾಲೆಯ ಪ್ರಾಜೆಕ್ಟ್, ಪಹಣಿ, ಪೇಟೆಯ ದರ, ಊರಿನ ಇತಿಹಾಸ, ಪಿಎಚ್‌ಡಿ. ಒಂದೊಂದಕ್ಕೂ ಒಂದೋ ಎರಡೋ ತಾಣ ಆರಿಸಿ, ಅವುಗಳ ಮೂಲೆ ಮೂಲೆ ತಿಳಿದುಕೊಳ್ಳಿ. ಗೋಡೆಗೆ ಅಂಟಿಸಿದ ಉದ್ದನೆಯ ಪಟ್ಟಿಯನ್ನು ಯಾರೂ ಓದುವುದಿಲ್ಲ. ಚೆನ್ನಾಗಿ ಗೊತ್ತಿರುವ ಐದು ತಾಣಗಳಿದ್ದರೆ ಓದುಗರ ಪಕ್ಕದಲ್ಲಿ ಕೂತು ಕಲಿಸಬಹುದು.

ಮಾಹಿತಿ ಸಾಕ್ಷರತೆ ಅಂದರೆ ಕಂಪ್ಯೂಟರ್ ಕಲಿಸೋದಾ?

ಅಲ್ಲ. ಕಂಪ್ಯೂಟರ್ ನಮಗಿಂತ ಚೆನ್ನಾಗಿ ಬಳಸುವ ಹುಡುಗರೂ ಸಿಕ್ಕಿದ ಮೊದಲ ಉತ್ತರವನ್ನೇ ನಂಬುತ್ತಾರೆ. ಏನು ಬೇಕು ಅಂತ ಸ್ಪಷ್ಟ ಮಾಡಿಕೊಳ್ಳೋದು, ಸರಿಯಾದ ಜಾಗದಲ್ಲಿ ಹುಡುಕೋದು, ಸಿಕ್ಕಿದ್ದು ಎಲ್ಲಿಂದ ಬಂತು ಅಂತ ನೋಡೋದು, ಬಳಸಿದಾಗ ಮೂಲ ಹೇಳೋದು. ಕಲಿಸಬೇಕಾದ್ದು ಇಷ್ಟು.

ಒಂದೇ ಪೀರಿಯಡ್ ಕೊಟ್ಟಿದ್ದಾರೆ. ಏನು ಮಾಡಿಸಲಿ?

ಭಾಷಣ ಬೇಡ, ಒಂದು ಪ್ರಶ್ನೆ ಕೊಡಿ. ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ ಪ್ರಶ್ನೆಯೊಂದಿದೆ: ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಲ್ಲಿದೆ?

ಹುಬ್ಬಳ್ಳಿಯ ಮಕ್ಕಳು ಕೂಡಲೇ ಕೈ ಎತ್ತುತ್ತಾರೆ. ಉತ್ತರ ಹೇಳಿದರೆ ಸಾಲದು, ಆಧಾರ ತೋರಿಸಿ ಅನ್ನಿ. ಹುಡುಕಲು ಬಿಡಿ. ಹಳೆಯ ಸಾಮಾನ್ಯ ಜ್ಞಾನದ ಪುಟಗಳಲ್ಲಿ ಖರಗ್‌ಪುರ ಅಂತ ಇರುತ್ತದೆ, ಸುಮಾರು 1,072 ಮೀಟರ್. ಇನ್ನು ಕೆಲವು ಪುಟಗಳಲ್ಲಿ ಗೋರಖ್‌ಪುರ, 1,366 ಮೀಟರ್. ಹೊಸ ಪುಟಗಳಲ್ಲಿ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ, 1,507 ಮೀಟರ್.

ಈ ಮೂರೂ ಉತ್ತರ ಆಯಾ ಕಾಲಕ್ಕೆ ಸರಿ. ಗೋರಖ್‌ಪುರದ್ದು 2013ರಲ್ಲಿ ಮುಂದೆ ಬಂತು, ಹುಬ್ಬಳ್ಳಿಯದು 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಈಗ ಮಕ್ಕಳಿಗೆ ಕೇಳಿ: ನೀವು ತೆರೆದ ಪುಟ ಯಾವಾಗ ಬರೆದದ್ದು? ತಾರೀಖು ಎಲ್ಲಿ ಕಾಣುತ್ತಿದೆ? ಬರೆದವರು ರೈಲ್ವೆಯವರೋ, ಪತ್ರಿಕೆಯವರೋ, ಪರೀಕ್ಷೆಯ ನೋಟ್ಸ್ ಮಾರುವವರೋ? ತಾರೀಖೇ ಇಲ್ಲದ ಪುಟವನ್ನು ಏನು ಮಾಡೋಣ? ಅರ್ಧ ಗಂಟೆಯಲ್ಲಿ ಮಕ್ಕಳೇ ಮೂಲ, ಕಾಲ, ಉದ್ದೇಶ ಮೂರನ್ನೂ ಮಾತಾಡಿರುತ್ತಾರೆ. ಊರಿನ ಹೆಮ್ಮೆಯೂ ಇದರಲ್ಲಿ ಸೇರಿರುವುದರಿಂದ ಯಾರೂ ತೂಕಡಿಸುವುದಿಲ್ಲ.

ಒಂದು ಎಚ್ಚರ. ಇಂಗ್ಲಿಷ್‌ನಲ್ಲಿ ಹುಬ್ಬಳ್ಳಿಯ ಹೆಸರನ್ನು ಹಳೆಯ (Hubli) ಮತ್ತು ಹೊಸ (Hubballi) ಎರಡೂ ಸ್ಪೆಲ್ಲಿಂಗ್‌ನಲ್ಲಿ ಹುಡುಕಿಸಿ. ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಪುಟಗಳೆಲ್ಲ ಹಳೆಯ ಸ್ಪೆಲ್ಲಿಂಗ್‌ನಲ್ಲೇ ಇವೆ.

ಗದಗ, ಹಾವೇರಿ ಜಿಲ್ಲೆಗಳ ಇತಿಹಾಸ ಹುಡುಕಿದರೆ ಹಳೆಯದು ಏನೂ ಸಿಗಲ್ಲ. ಯಾಕೆ?

ಇದೆ, ಬೇರೆ ಹೆಸರಿನಲ್ಲಿದೆ. ಗದಗ ಮತ್ತು ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಅಂಕಿಅಂಶ, ಗೆಜೆಟಿಯರ್, ಸರ್ಕಾರಿ ವರದಿ ಎಲ್ಲವೂ ಧಾರವಾಡ ಜಿಲ್ಲೆಯ ಹೆಸರಲ್ಲಿವೆ. ಇನ್ನೂ ಹಿಂದಕ್ಕೆ ಹೋದರೆ, 1956ಕ್ಕೆ ಮುಂಚೆ, ನಾವು ಮುಂಬೈ ಆಡಳಿತದಲ್ಲಿದ್ದೆವು. ಹಾಗಾಗಿ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ 22ನೇ ಸಂಪುಟ ತೆರೆಯಿರಿ. ಅದು 1884ರದ್ದು, ಧಾರವಾಡಕ್ಕೇ ಮೀಸಲಾದದ್ದು, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಆಗ ಇಂಗ್ಲಿಷ್‌ನಲ್ಲಿ ಧಾರವಾಡದ ಕೊನೆಯ ಅಕ್ಷರ 'ಡಿ' ಬದಲು 'ಆರ್' ಇತ್ತು. ಹುಡುಕುವಾಗ ಹಾಗೇ ಹಾಕಿ.

ಸಂಸ್ಥಾನಗಳನ್ನೂ ಮರೆಯಬೇಡಿ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜಿನದ್ದು, ಸವಣೂರಿಗೆ ತನ್ನದೇ ನವಾಬರಿದ್ದರು. ಈ ಊರುಗಳ ದಾಖಲೆಗಳಿಗೆ ಆ ಸಂಸ್ಥಾನಗಳ ಹೆಸರಲ್ಲೂ ಹುಡುಕಬೇಕು.

ಶಾಸನಗಳ ವಿಷಯದಲ್ಲೂ ಇದೇ ತೊಡಕು. ವಿದ್ಯಾರ್ಥಿಗಳು ಲಕ್ಕುಂಡಿಯ ಶಾಸನ ಬೇಕು ಅಂತ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳನ್ನು ತಿರುವಿ ಹಾಕುತ್ತಾರೆ. ಬಿ.ಎಲ್. ರೈಸ್ ಅವರ ಆ ಮೊದಲ ಸಂಪುಟಗಳು ಹಳೆ ಮೈಸೂರು ಮತ್ತು ಕೊಡಗಿನವು, ನಮ್ಮವು ಅಲ್ಲಿಲ್ಲ. ಭಾರತೀಯ ಪುರಾತತ್ವ ಇಲಾಖೆಯ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸರಣಿಯ 11, 15, 18, 20ನೇ ಸಂಪುಟಗಳು ಬಾಂಬೆ-ಕರ್ನಾಟಕದ ಶಾಸನಗಳಿಗೆ ಮೀಸಲು. ಅಲ್ಲಿ ನೋಡಿ. ಈ ಒಂದು ಮಾತು ಗೊತ್ತಿದ್ದರೆ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಎಷ್ಟೋ ದಿನ ಉಳಿಯುತ್ತದೆ. ಇಂಥದ್ದನ್ನು ಹೇಳಿಕೊಡಲು ಗೂಗಲ್‌ಗಿಂತ ಊರಿನ ಲೈಬ್ರರಿಯನ್ನರೇ ಮೇಲು ಅಂತ ನಾನು ನಂಬುತ್ತೇನೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ವಚನ ನಿಜಕ್ಕೂ ಬಸವಣ್ಣನವರದೇ ಅಂತ ಕೇಳುತ್ತಾರೆ. ಹೇಗೆ ನೋಡೋದು?

ವಚನ ಸಂಚಯ ಅನ್ನೋ ತಾಣ ತೆರೆಯಿರಿ. ಇಪ್ಪತ್ತು ಸಾವಿರದಷ್ಟು ವಚನಗಳನ್ನು ಅಲ್ಲಿ ಒಂದೊಂದು ಪದ ಹಾಕಿಯೂ ಹುಡುಕಬಹುದು. ವಾಟ್ಸ್ಆ್ಯಪ್ ವಚನದಿಂದ ಅಪರೂಪದ ಒಂದು ಪದ ಆರಿಸಿ ಹಾಕಿ. ಸಾಲು ಪೂರ್ತಿ ಹಾಕಬೇಡಿ. ಪಾಠದಲ್ಲಿ ಒಂದಕ್ಷರ ಆಚೀಚೆ ಇದ್ದರೂ ಸಿಗುವುದಿಲ್ಲ.

ಅದಕ್ಕೂ ಮೊದಲು ಅಂಕಿತ ನೋಡಲು ಕಲಿಸಿ. ಕೂಡಲಸಂಗಮದೇವ ಇದ್ದರೆ ಬಸವಣ್ಣ, ಗುಹೇಶ್ವರ ಇದ್ದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಇದ್ದರೆ ಅಕ್ಕ. ಹಾವೇರಿ ಜಿಲ್ಲೆಯ ಚೌಡದಾನಪುರದ ಜೊತೆ ಹೆಸರು ಬೆಸೆದಿರುವ ಅಂಬಿಗರ ಚೌಡಯ್ಯ ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡವರು. ಕೀರ್ತನೆಯಲ್ಲಿ ಕಾಗಿನೆಲೆಯಾದಿಕೇಶವ ಬಂದರೆ ಕನಕದಾಸರು. ಅಂಕಿತವೇ ಇಲ್ಲದೆ, ಇವತ್ತಿನ ಪುಸ್ತಕದ ಭಾಷೆಯಲ್ಲಿ, ಕೆಳಗೆ 'ಬಸವಣ್ಣ' ಅಂತ ಬರೆದಿದ್ದರೆ ಅನುಮಾನ ಪಡಲೇಬೇಕು. ಅಂಕಿತ ಇದ್ದ ಮಾತ್ರಕ್ಕೆ ನಿಜ ಅಂತಲೂ ಇಲ್ಲ, ಯಾರು ಬೇಕಾದರೂ ಸೇರಿಸಬಹುದು ಅಲ್ವಾ? ಹಾಗಾಗಿ ಎರಡೂ ಹೆಜ್ಜೆ ಬೇಕು.

ಹೈಸ್ಕೂಲ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮನೆಯಲ್ಲಿ ಹಿರಿಯರ ಫೋನಿಗೆ ಬಂದ ವಚನ ತರಲು ಹೇಳಿ, ಲೈಬ್ರರಿಯಲ್ಲಿ ಒಟ್ಟಿಗೆ ಪರೀಕ್ಷೆ ಮಾಡಿ. ವಚನ ನಕಲಿ ಅಂತ ಗೊತ್ತಾದರೂ ಕಳಿಸಿದವರನ್ನು ಆಡಿಕೊಳ್ಳಬಾರದು, ಅದನ್ನೂ ಕಲಿಸಿ. ಅವರು ಪ್ರೀತಿಯಿಂದಲೇ ಕಳಿಸಿರುತ್ತಾರೆ.

ಫೋಟೋ, ವಿಡಿಯೋ, ಸುದ್ದಿಗಳಿಗೆ?

ಮೈಕ್ ಕಾಲ್‌ಫೀಲ್ಡ್ ಅನ್ನುವ ಅಮೆರಿಕದ ಶಿಕ್ಷಕರು ನಾಲ್ಕು ಹೆಜ್ಜೆಯ ಒಂದು ವಿಧಾನ ಕೊಟ್ಟಿದ್ದಾರೆ, ಹೆಸರು ಸಿಫ್ಟ್. ಮೊದಲು ನಿಲ್ಲಿ. ಹೇಳುತ್ತಿರುವವರು ಯಾರು ನೋಡಿ. ಇದೇ ವಿಷಯವನ್ನು ಬೇರೆ ಒಳ್ಳೆಯ ಮೂಲ ಏನನ್ನುತ್ತದೆ ಹುಡುಕಿ. ಕೊನೆಗೆ ಆ ಮಾತು ಅಥವಾ ಚಿತ್ರ ಮೊದಲು ಎಲ್ಲಿ ಬಂತು ಅಲ್ಲಿಗೆ ಹೋಗಿ. ಮೊದಲ ಹೆಜ್ಜೆಯೇ ಕಷ್ಟ. ಸಿಟ್ಟು ಬರಿಸುವ ಸುದ್ದಿ ಬಂದಾಗ ಬೆರಳು ಫಾರ್ವರ್ಡ್ ಕಡೆಗೇ ಓಡುತ್ತದೆ.

ಫೋಟೋ ಆದರೆ ಗೂಗಲ್ ಲೆನ್ಸ್‌ಗೆ ಕೊಡಿ, ಹಳೆಯ ಫೋಟೋವನ್ನು ಹೊಸದು ಅಂತ ಹಂಚಿದ್ದರೆ ಹೆಚ್ಚಾಗಿ ಸಿಕ್ಕಿಬೀಳುತ್ತದೆ. ಕೇಂದ್ರ ಸರ್ಕಾರದ ಯೋಜನೆ ಬಗ್ಗೆ ವದಂತಿ ಬಂದರೆ ಪಿಐಬಿ ಫ್ಯಾಕ್ಟ್ ಚೆಕ್ ನೋಡಿ. ಅದು ಕೇಂದ್ರ ಸರ್ಕಾರದ ವಿಷಯಗಳಿಗಷ್ಟೇ, ಮತ್ತು ಸರ್ಕಾರದ್ದೇ ಘಟಕ, ಇದನ್ನೂ ಓದುಗರಿಗೆ ಹೇಳಿ. ನ್ಯೂಸ್‌ಚೆಕರ್ ಕನ್ನಡದಲ್ಲೂ ಬರೆಯುತ್ತದೆ. ಅಳಿಸಿ ಹಾಕಿದ ಪುಟ ನೋಡಬೇಕಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಇದೆ.

ಬ್ಯಾಡಗಿ ಮೆಣಸಿನಕಾಯಿ ದರ ಕೇಳಿ ರೈತರು ಬರುತ್ತಾರೆ. ಇದೂ ನಮ್ಮ ಕೆಲಸವಾ?

ಖಂಡಿತ. ರಾಜ್ಯದ ಕೃಷಿ ಮಾರಾಟ ವಾಹಿನಿ ತಾಣದಲ್ಲಿ ದಿನದ ದರ ಸಿಗುತ್ತದೆ, ಕೇಂದ್ರದ ಆಗ್‌ಮಾರ್ಕ್‌ನೆಟ್‌ನಲ್ಲೂ ಇದೆ. ದರ ಓದಿ ಹೇಳಿದರೆ ಅರ್ಧ ಕೆಲಸ. ಉಳಿದರ್ಧ ಆ ಕೋಷ್ಟಕ ಓದೋದನ್ನು ಕಲಿಸೋದು. ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ಹೆಚ್ಚಿನ ಮಾಲು ಯಾವ ದರದ ಆಸುಪಾಸಿಗೆ ಹೋಯಿತು ಅನ್ನೋದು ಮಾದರಿ ದರದಿಂದ ಗೊತ್ತಾಗುತ್ತದೆ. ಫೋನಿನಲ್ಲಿ ಓಡಾಡುವ ಮೆಸೇಜ್‌ಗಳಲ್ಲಿ ಬರೀ ಗರಿಷ್ಠ ದರವೇ ಇದ್ದರೆ, ಅದನ್ನು ನಂಬಿ ಗಾಡಿ ಬಾಡಿಗೆ ಕೊಟ್ಟು ಹೋದವರಿಗೆ ನಿರಾಸೆ ಖಚಿತ. ತಳಿ ಕಡ್ಡಿಯೋ ಡಬ್ಬಿಯೋ, ಯಾವ ದಿನದ್ದು, ಕ್ವಿಂಟಲ್‌ಗೋ ಕೆಜಿಗೋ, ಎಲ್ಲ ನೋಡಿಸಿ. ಪಹಣಿಗೆ ರಾಜ್ಯದ ಭೂಮಿ ತಾಣ, ಅರ್ಜಿಗಳಿಗೆ ಸೇವಾ ಸಿಂಧು. ಅದೇ ಹೆಸರಿನ ಖಾಸಗಿ ತಾಣಗಳಿಗೆ ಹಣ ಕಟ್ಟುವ ಮುಂಚೆ ತಾಣದ ಹೆಸರಿನ ಕೊನೆಯಲ್ಲಿ ಸರ್ಕಾರಿ ಗುರುತು (.gov.in) ಇದೆಯಾ ಅಂತ ನೋಡಲು ಹೇಳಿ.

ಅರಿವು ಕೇಂದ್ರಕ್ಕೆ ಬರುವ ಚಿಕ್ಕ ಮಕ್ಕಳಿಗೆ ಏನು ಕೊಡಲಿ?

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್. 2015ರಿಂದ ಇದೆ, ಕನ್ನಡದಲ್ಲಿ ಬಹಳ ಕಥೆಗಳಿವೆ, ಓದುವ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದು ಮಕ್ಕಳಿಗೆ ಕೊಡಬಹುದು, ಕೇಳುವವರಿಲ್ಲ. ಪಠ್ಯಕ್ಕೆ ದೀಕ್ಷಾ. ಪುಸ್ತಕದಲ್ಲಿರುವ ಕ್ಯುಆರ್ ಕೋಡ್ ಅದಕ್ಕೇ ಇರೋದು, ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ಕನ್ನಡದಲ್ಲೇ ಬರಹ ಬೇಕಾದರೆ ಕಣಜ. ಪದಗಳ ಅರ್ಥಕ್ಕೆ ಅಲರ್ ನಿಘಂಟು ಮತ್ತು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿಯಲ್ಲಿ ಮೊಬೈಲ್ ನಂಬರ್ ಕೊಟ್ಟು ಸದಸ್ಯರಾಗಬಹುದು, ಸ್ಪರ್ಧಾತ್ಮಕ ಪರೀಕ್ಷೆಯವರಿಗೂ ಅನುಕೂಲ.

ಪಿಎಚ್‌ಡಿ, ಎಂಎ ವಿದ್ಯಾರ್ಥಿಗಳಿಗೆ ಮೊದಲು ಯಾವುದು ತೋರಿಸಲಿ?

ಶೋಧಗಂಗಾ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಪ್ರಬಂಧಗಳ ಭಂಡಾರ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಬಂಧಗಳೂ ಅಲ್ಲಿವೆ. ಕೆಲವು ಕನ್ನಡ ಪ್ರಬಂಧಗಳ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿರುತ್ತಾರೆ, ಹಾಗಾಗಿ ಎರಡೂ ಲಿಪಿಯಲ್ಲಿ ಹುಡುಕಿಸಿ. ಅಧ್ಯಾಯಗಳು ಬೇರೆ ಬೇರೆ ಫೈಲ್ ಆಗಿರುತ್ತವೆ. ನಾನು ಎಲ್ಲರಿಗೂ ಹೇಳೋದು, ಮೊದಲು ಗ್ರಂಥಋಣದ ಫೈಲ್ ತೆರೆಯಿರಿ ಅಂತ. ಆ ವಿಷಯದ ಮೇಲೆ ಯಾರು ಯಾರು ಬರೆದಿದ್ದಾರೆ ಅನ್ನೋದು ಒಂದೇ ಕಡೆ ಸಿಗುತ್ತದೆ.

ಲೇಖನಗಳಿಗೆ, ನಿಮ್ಮದು ಸರ್ಕಾರಿ ಕಾಲೇಜು ಅಥವಾ ಸರ್ಕಾರಿ ವಿಶ್ವವಿದ್ಯಾಲಯ ಆಗಿದ್ದರೆ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಇದೆ. 2025ರ ಜನವರಿಯಿಂದ ನಡೆಯುತ್ತಿದೆ, 30 ಪ್ರಕಾಶಕರ ಸುಮಾರು 13 ಸಾವಿರ ಜರ್ನಲ್‌ಗಳು ಅದರಲ್ಲಿವೆ. ಮೂರು ವರ್ಷಕ್ಕೆ ಕೇಂದ್ರ ಸರ್ಕಾರ 6,000 ಕೋಟಿ ರೂಪಾಯಿ ಇಟ್ಟಿದೆ. ಇಷ್ಟು ಹಣದ ಸೌಲಭ್ಯ ನಮ್ಮ ಕಾಲೇಜಿನಲ್ಲಿ ಬಳಕೆಯಾಗದೆ ಸುಮ್ನೆ ಬಿದ್ದಿರುವುದು ನೋಡಿದರೆ ಬೇಜಾರಾಗುತ್ತದೆ. ದಯವಿಟ್ಟು ಲಾಗಿನ್ ಪಡೆದು ಅಧ್ಯಾಪಕರಿಗೆ ಹೇಳಿ. ಅನುದಾನಿತ ಕಾಲೇಜಿನವರು ಕಾಲೇಜುಗಳಿಗೆ ಜರ್ನಲ್, ಇ-ಪುಸ್ತಕ ಒದಗಿಸುವ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ವಿಚಾರಿಸಿ. ಎರಡೂ ಇಲ್ಲದವರಿಗೆ ಉಚಿತ ಲೇಖನ ಹುಡುಕಲು ಡಿಒಎಜೆ, ಗೂಗಲ್ ಸ್ಕಾಲರ್ ಮತ್ತು ಅನ್‌ಪೇವಾಲ್ ಇವೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಲೈಬ್ರರಿಯಲ್ಲಿ ಎಲ್ಲ ಹಂತದವರಿಗೂ ಏನಾದರೂ ಸಿಗುತ್ತದೆ.

ಹಣ ಕಟ್ಟಿದರೆ ವಾರದಲ್ಲಿ ಲೇಖನ ಪ್ರಕಟಿಸುತ್ತೇವೆ ಅನ್ನುವ ಜರ್ನಲ್‌ಗಳು?

ದೂರ ಇರಿ ಅನ್ನಿ. ಯುಜಿಸಿ 2025ರಲ್ಲಿ ಒಪ್ಪಿಗೆ ಪಡೆದ ಜರ್ನಲ್‌ಗಳ ಕೇರ್ ಪಟ್ಟಿಯನ್ನು ನಿಲ್ಲಿಸಿದ ಮೇಲೆ ಒಳ್ಳೆಯದು ಕೆಟ್ಟದ್ದು ತಿಳಿಯುವ ಜವಾಬ್ದಾರಿ ನಮ್ಮ ಮೇಲೆ ಜಾಸ್ತಿ ಆಗಿದೆ. ಜರ್ನಲ್ ಪರೀಕ್ಷಿಸಲು ಥಿಂಕ್ ಚೆಕ್ ಸಬ್ಮಿಟ್ ಅನ್ನೋ ತಾಣ ಕೊಡುವ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿ.

ಹಳೆಯ ಕನ್ನಡ ಪುಸ್ತಕದ ಪಿಡಿಎಫ್ ಸಿಕ್ಕಿದೆ. ಎಲ್ಲರಿಗೂ ಹಂಚಬಹುದಾ?

ಲೇಖಕರು ತೀರಿಕೊಂಡ ವರ್ಷ ಮೊದಲು ನೋಡಿ. ನಮ್ಮ ಕಾಯ್ದೆಯಲ್ಲಿ ಲೇಖಕರ ಜೀವಮಾನ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಧಾರವಾಡದ ಆಲೂರು ವೆಂಕಟರಾಯರು 1964ರಲ್ಲಿ ತೀರಿಕೊಂಡರು. ಅವರು ಬರೆದದ್ದೆಲ್ಲ 2025ರ ಜನವರಿ 1ರಿಂದ ಎಲ್ಲರದ್ದು. ಹಾವೇರಿ ಜಿಲ್ಲೆಯ ಗಳಗನಾಥರು 1942ರಲ್ಲಿ ತೀರಿಕೊಂಡರು, ಅವರ ಕೃತಿಗಳು ಎಂದೋ ಮುಕ್ತ. ದ.ರಾ. ಬೇಂದ್ರೆಯವರು 1981ರವರೆಗೆ ಬದುಕಿದ್ದರು, ಹಾಗಾಗಿ 2041ರ ಕೊನೆಯವರೆಗೆ ಹಕ್ಕಿದೆ. ಪಿಡಿಎಫ್ ಎಲ್ಲೋ ಸಿಕ್ಕಿತು ಅಂದ ಮಾತ್ರಕ್ಕೆ ಹಂಚುವ ಹಾಗಿಲ್ಲ.

ಮುಕ್ತವಾದ ಪುಸ್ತಕಕ್ಕೂ ಯಾರೋ ಇತ್ತೀಚೆಗೆ ಬರೆದ ಮುನ್ನುಡಿ, ಟಿಪ್ಪಣಿ, ಅನುವಾದ ಇದ್ದರೆ ಅವಕ್ಕೆ ಬೇರೆ ಹಕ್ಕು ಇರುತ್ತದೆ. ಇನ್ನೊಂದು ವಿಷಯ ನಮಗೆ ಅನುಕೂಲವಾದದ್ದು. 2012ರ ತಿದ್ದುಪಡಿಯ ಪ್ರಕಾರ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಪುಸ್ತಕವನ್ನು ಕಾಪಾಡುವ ಸಲುವಾಗಿ ಡಿಜಿಟಲ್ ಪ್ರತಿ ಮಾಡಿ ಇಟ್ಟುಕೊಳ್ಳಬಹುದು. ಗೆದ್ದಲು ಹಿಡಿಯುತ್ತಿರುವ ಪುಸ್ತಕಗಳಿದ್ದರೆ ತಡ ಮಾಡಬೇಡಿ.

ಕಾಲೇಜಿನ ಹಳೆಯ ಸ್ಮರಣ ಸಂಚಿಕೆ ಫೈಲ್‌ಗಳು ಕಂಪ್ಯೂಟರ್‌ನಲ್ಲೇ ಇವೆ. ಆದರೂ ಹುಡುಕಿದರೆ ಪದ ಸಿಗಲ್ಲ.

ಅವು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದವು ಇರಬೇಕು. ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರೋದು ಇಂಗ್ಲಿಷ್ ಕೀಲಿಗಳ ಗುರುತುಗಳು. ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಆನ್‌ಲೈನ್‌ನಲ್ಲಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಓದಿ ತಿದ್ದಬೇಕು. ಸ್ಕ್ಯಾನ್ ಮಾಡಿದ ಪುಟಗಳಾದರೆ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಿರಿ, ಅಕ್ಷರಗಳನ್ನು ಗುರುತಿಸಿ ಕೊಡುತ್ತದೆ.

ಲೈಬ್ರರಿಯ ಪುಸ್ತಕಗಳ ಲೆಕ್ಕಕ್ಕೆ ಸಾಫ್ಟ್‌ವೇರ್ ಯಾವುದು ಹಾಕಿಸಲಿ?

ಸರ್ಕಾರಿ ಲೈಬ್ರರಿಗೆ ಕೇಂದ್ರ ಸರ್ಕಾರದ ಎನ್‌ಐಸಿಯ ಇ-ಗ್ರಂಥಾಲಯ. ಕಾಲೇಜಿಗೆ ಕೋಹಾ, ನೋಡಿಕೊಳ್ಳುವವರು ಒಬ್ಬರು ಇದ್ದರೆ. ಇನ್‌ಫ್ಲಿಬ್‌ನೆಟ್‌ನ ಸೋಲ್ ಕೂಡ ಇದೆ, ಅದಕ್ಕೆ ಹಣ ಕಟ್ಟಬೇಕು. ಯಾವುದಾದರೂ ಸರಿ, ಕನ್ನಡ ಪುಸ್ತಕದ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿ ಯುನಿಕೋಡ್‌ನಲ್ಲೇ ತುಂಬಿಸಿ. ವಿಷಯದ ಪ್ರಕಾರ ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ವಿವರ ಸಿದ್ಧವಾಗಿ ಬೇಕಾದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ಯಾಟಲಾಗ್‌ನಿಂದ ಇಳಿಸಿಕೊಳ್ಳಬಹುದು. ಅವರಲ್ಲಿ ಕನ್ನಡ ಪುಸ್ತಕಗಳು ಸಾಕಷ್ಟಿವೆ.

ವಿದ್ಯಾರ್ಥಿಗಳು ಎಲ್ಲದಕ್ಕೂ ಚಾಟ್‌ಜಿಪಿಟಿ ಕೇಳುತ್ತಾರೆ. ಬೇಡ ಅನ್ನಲಾ?

ಬೇಡ ಅಂದರೆ ಬಿಡುವುದಿಲ್ಲ. ಪರೀಕ್ಷಿಸಲು ಕಲಿಸಿ. ಈ ಚಾಟ್‌ಬಾಟ್‌ಗಳು ಇಲ್ಲದ ಪುಸ್ತಕ, ಇಲ್ಲದ ಲೇಖನದ ಹೆಸರನ್ನೂ ಗಂಭೀರವಾಗಿ ಹೇಳಿಬಿಡುತ್ತವೆ. ಅದು ಕೊಟ್ಟ ಪ್ರತಿಯೊಂದು ಪುಸ್ತಕವನ್ನೂ ಜಗತ್ತಿನ ಲೈಬ್ರರಿಗಳ ಒಟ್ಟು ಕ್ಯಾಟಲಾಗ್ ಆದ ವರ್ಲ್ಡ್‌ಕ್ಯಾಟ್‌ನಲ್ಲಿ, ಪ್ರತಿಯೊಂದು ಲೇಖನವನ್ನೂ ಲೇಖನಗಳ ದಾಖಲೆ ಇಡುವ ಕ್ರಾಸ್‌ರೆಫ್‌ನಲ್ಲಿ ಹುಡುಕಿಸಿ. ಕನ್ನಡ ಪುಸ್ತಕಗಳೆಲ್ಲ ವರ್ಲ್ಡ್‌ಕ್ಯಾಟ್‌ನಲ್ಲಿಲ್ಲ, ಅದಕ್ಕೆ ನಿಮ್ಮ ಕಪಾಟು ಮತ್ತು ವಿಶ್ವವಿದ್ಯಾಲಯದ ಕ್ಯಾಟಲಾಗ್ ಕೂಡ ನೋಡಬೇಕು. ಇನ್ನೊಂದು ಅಭ್ಯಾಸ: ಒಂದು ವಚನ ಬರೆದುಕೊಡು ಅಂತ ಚಾಟ್‌ಬಾಟ್‌ಗೆ ಕೇಳಿ, ಬಂದದ್ದನ್ನು ವಚನ ಸಂಚಯದಲ್ಲಿ ಹುಡುಕಿ. ನೀವು ಏನೂ ಹೇಳಬೇಕಿಲ್ಲ, ಮಕ್ಕಳೇ ನೋಡುತ್ತಾರೆ.

ಬೇರೆಯವರು ಮಾಡಿದ ಪಾಠಗಳು ಎಲ್ಲಿ ಸಿಗುತ್ತವೆ?

ಅಮೆರಿಕದ ಕಾಲೇಜು ಲೈಬ್ರರಿಗಳ ಸಂಘ ಎಸಿಆರ್‌ಎಲ್ 2016ರಲ್ಲಿ ಒಪ್ಪಿಕೊಂಡ ಚೌಕಟ್ಟು ಆರು ವಿಚಾರಗಳ ಮೇಲೆ ನಿಂತಿದೆ, ಓದಲೇಬೇಕಾದದ್ದು. ಪಾಠಗಳಿಗೆ ಪ್ರಾಜೆಕ್ಟ್ ಕೋರಾ ತಾಣ ನೋಡಿ, ಲೈಬ್ರರಿಯನ್ನರು ಮಾಡಿದ ಅಭ್ಯಾಸಗಳನ್ನು ಹಾಗೇ ಎತ್ತಿಕೊಂಡು ಬಳಸಬಹುದು. ಯುನೆಸ್ಕೋ 2021ರಲ್ಲಿ ಪರಿಷ್ಕರಿಸಿದ ಮಾಧ್ಯಮ ಮತ್ತು ಮಾಹಿತಿ ಸಾಕ್ಷರತೆ ಪಠ್ಯಕ್ರಮ ಶಿಕ್ಷಕರ ತರಬೇತಿಗೆ ಹೆಚ್ಚು ಹೊಂದುತ್ತದೆ. ನಮ್ಮ ಓದಿಗೆ ಇ-ಪಿಜಿ ಪಾಠಶಾಲಾದಲ್ಲಿ ಗ್ರಂಥಾಲಯ ವಿಜ್ಞಾನದ ಪಾಠಗಳಿವೆ. ಹೊರಗಿನ ಪಾಠಗಳ ಉದಾಹರಣೆ ಮಾತ್ರ ಬದಲಿಸಿ. ಅಲ್ಲಿನ ಚುನಾವಣೆ, ಅಲ್ಲಿನ ಪತ್ರಿಕೆಗಳು ನಮ್ಮ ಮಕ್ಕಳಿಗೆ ಏನೂ ಅಲ್ಲ. ಆ ಜಾಗದಲ್ಲಿ ಪ್ಲಾಟ್‌ಫಾರ್ಮ್, ವಚನ, ಮೆಣಸಿನಕಾಯಿ ದರ ಹಾಕಿ.

ನಮ್ಮ ಊರಲ್ಲಿ ನೆಟ್ ಸರಿಯಾಗಿ ಬರಲ್ಲ. ಇದೆಲ್ಲ ಆಗುತ್ತಾ?

ಅರ್ಧಕ್ಕಿಂತ ಜಾಸ್ತಿ ಆಗುತ್ತದೆ. ಸ್ಟೋರಿವೀವರ್ ಕಥೆಗಳನ್ನು, ಗೆಜೆಟಿಯರ್ ಅನ್ನು, ದೀಕ್ಷಾ ಪಾಠಗಳನ್ನು ನೆಟ್ ಇರುವ ಕಡೆ ಹೋದಾಗ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಪ್ಲಾಟ್‌ಫಾರ್ಮ್ ಪಾಠಕ್ಕೆ ಮೂರು ಬೇರೆ ಬೇರೆ ಕಾಲದ ಪುಟಗಳ ಪ್ರಿಂಟ್ ಸಾಕು, ತಾರೀಖು ಕಾಣುವ ಹಾಗೆ ತೆಗೆಯಿರಿ. ವಾಟ್ಸ್ಆ್ಯಪ್ ವಚನಗಳನ್ನು ಮಕ್ಕಳಿಂದ ಕಾಗದದ ಮೇಲೆ ಬರೆಸಿಕೊಂಡು, ನೆಟ್ ಬಂದ ದಿನ ಎಲ್ಲವನ್ನೂ ಒಟ್ಟಿಗೆ ಹುಡುಕಿ, ಯಾವುದು ಸಿಕ್ಕಿತು ಯಾವುದು ಸಿಗಲಿಲ್ಲ ಅಂತ ಮರುದಿನ ಬೋರ್ಡ್ ಮೇಲೆ ಬರೆಯಿರಿ.